ಬೆಂಗಳೂರಲ್ಲಿ ಒಂದು ಸಂಜೆ, ಮೂರು ಜಾಗ: ಕಾಕ್‌ಟೇಲ್ ಬಾರ್, ವೈನ್ ಬಾರ್, ರೂಫ್‌ಟಾಪ್ ಸುತ್ತೋದು ಹೇಗೆ

ಬೆಂಗಳೂರಲ್ಲಿ ಬಾರ್ ಸುತ್ತೋದು ಅಂದ್ರೆ ಬಹಳ ಜನ ಏನ್ ಮಾಡ್ತಾರೆ ಅಂದ್ರೆ ಶನಿವಾರ ರಾತ್ರಿ ಒಂಬತ್ತಕ್ಕೆ ಮನೆ ಬಿಟ್ಟು, ಟ್ರಾಫಿಕ್ಕಲ್ಲಿ ಒಂದು ಗಂಟೆ ಕಳ್ದು, ಬಾಗಿಲಲ್ಲಿ ಇನ್ನರ್ಧ ಗಂಟೆ ನಿಂತು, ಒಳಗೆ ಹೋದ್ಮೇಲೆ ಪಕ್ಕದಲ್ಲಿ ಕೂತೋರ ಮಾತೂ ಕೇಳ್ದಿರೋ ಸೌಂಡಲ್ಲಿ ಏನೋ ಒಂದು ಆರ್ಡರ್ ಮಾಡಿ, ಬಿಲ್ ನೋಡಿ ಸುಸ್ತಾಗಿ ವಾಪಸ್ ಬರ್ತಾರೆ. ನಾನೂ ಶುರುನಲ್ಲಿ ಹಾಗೇ ಹೋಗ್ತಿದ್ದೆ, ಆಮೇಲಾಮೇಲೆ ರೂಢಿ ಬದಲಾಯ್ತು. ಈಗ ನಮ್ಮ ಗುಂಪಿಗೆ ಒಂದು ಲೆಕ್ಕ ಇದೆ: ಒಂದು ಸಂಜೆಗೆ ಒಂದೇ ಏರಿಯಾ, ಮೂರು ಜಾಗ, ಒಂದೊಂದ್ ಕಡೆ ಒಂದೇ ಗ್ಲಾಸು, ಮಧ್ಯ ಮಧ್ಯ ನಡಿಗೆ. ಊರಿಂದ ಯಾರಾದ್ರೂ ಬಂದು "ಬೆಂಗಳೂರು ಬಾರ್ ತೋರ್ಸಪ್ಪ" ಅಂದ್ರೂ ಇದೇ ಲೆಕ್ಕದಲ್ಲಿ ಕರ್ಕೊಂಡು ಹೋಗ್ತೀನಿ, ಅದನ್ನೇ ಇಲ್ಲಿ ಬರೀತಿದ್ದೀನಿ.

ಮೊದಲು ದಿನ ಆರ್ಸ್ಕೊಳ್ಳಿ. ಮಂಗಳವಾರ, ಬುಧವಾರ, ಗುರುವಾರ ಬೆಸ್ಟ್. ಶುಕ್ರವಾರ ಶನಿವಾರ ಬಾರ್‌ಟೆಂಡರ್‌ಗೆ ಉಸಿರಾಡೋಕೂ ಪುರುಸೊತ್ತಿರಲ್ಲ, ಅವರ ಹತ್ರ ಏನು ಕೇಳ್ತೀರ, ಅವರು ಏನು ಹೇಳ್ತಾರೆ? ವಾರದ ಮಧ್ಯ ಹೋದ್ರೆ ಅದೇ ಬಾರ್‌ಟೆಂಡರ್ ಹತ್ತು ನಿಮಿಷ ನಿಂತು ಮಾತಾಡ್ತಾರೆ, ಹೊಸದೇನಾದ್ರೂ ಮಾಡ್ತಿದ್ರೆ ಒಂದು ಚೂರು ರುಚಿ ನೋಡೋಕೂ ಕೊಡ್ತಾರೆ. ಅಕ್ಟೋಬರ್ 2 ಗಾಂಧಿ ಜಯಂತಿ ದಿನ ಡ್ರೈ ಡೇ, ಅಂದ್ರೆ ಮದ್ಯ ಮಾರೋ ಹಾಗಿಲ್ಲ, ಎಲೆಕ್ಷನ್ ಇದ್ರೆ ವೋಟಿಂಗ್ ಮುಗಿಯೋ ಹೊತ್ತಿಗೆ ಹಿಂದಿನ 48 ಗಂಟೆನೂ ಡ್ರೈ, ಕ್ಯಾಲೆಂಡರ್ ಒಂದ್ಸಲ ನೋಡ್ಕೊಳ್ಳಿ. ವಯಸ್ಸಿನ ವಿಷಯ, ಬಾಗಿಲಲ್ಲಿ ಕೇಳೋದು 21, ನೋಡೋಕೆ ಚಿಕ್ಕೋರ ಥರ ಇದ್ರೆ ಐಡಿ ಇಲ್ದೆ ಹೋಗ್ಲೇಬೇಡಿ.

ಹೊರಡೋ ಮುಂಚೆ ಊಟ. ಇದನ್ನ ಹಗುರವಾಗಿ ತಗೋಬೇಡಿ. ಖಾಲಿ ಹೊಟ್ಟೆಗೆ ಮೊದಲನೇ ಗ್ಲಾಸ್ ಇಳಿದ್ರೆ ಮೂರನೇ ಜಾಗದಲ್ಲಿ ನಿಮಗೆ ರುಚಿನೇ ಗೊತ್ತಾಗಲ್ಲ. ನಾಲ್ಕೂವರೆ ಐದಕ್ಕೆ ಎರಡು ಇಡ್ಲಿ ಒಂದು ವಡೆ, ಇಲ್ಲ ಮನೇಲಿ ಒಂದು ತುತ್ತು ಮೊಸರನ್ನ, ಅಷ್ಟು ಸಾಕು.

ಇನ್ನೊಂದು ವಿಷ್ಯ, ನಮ್ಮ ಕಡೆ "ವೈನ್ ಶಾಪ್" ಅಂದ್ರೆ ಎಂಆರ್‌ಪಿ ಅಂಗಡಿ, ಅಂದ್ರೆ ಸಿಎಲ್-2 ಲೈಸೆನ್ಸಿಂದು, ಬಾಟಲ್ ತಗೊಂಡು ಹೋಗೋ ಜಾಗ. "ಬಾರ್ ಅಂಡ್ ರೆಸ್ಟೋರೆಂಟ್" ಅಂದ್ರೆ ಸಿಎಲ್-9. ಊರಿಂದ ಬಂದೋರಿಗೆ "ವೈನ್ ಬಾರ್‌ಗೆ ಹೋಗೋಣ" ಅಂದ್ರೆ ಅವರ ತಲೇಲಿ ಬಸ್‌ಸ್ಟ್ಯಾಂಡ್ ಪಕ್ಕದ ವೈನ್ ಶಾಪೇ ಬರೋದು, ಅದಕ್ಕೆ ಮುಂಚೇನೇ "ದ್ರಾಕ್ಷಿ ವೈನ್ ಕುಡಿಯೋ ಜಾಗ" ಅಂತ ಬಿಡಿಸಿ ಹೇಳಿ.

ಎಲ್ಲಿಂದ ಶುರು ಮಾಡೋದು

ಮೊದಲ ಸಲ ಆದ್ರೆ ಎಂ.ಜಿ. ರೋಡ್ ಕಡೆನೇ ಹೋಗಿ. ಈ ಊರಿನ ಬಾರ್‌ಗಳು ಇದೇ ದಿಕ್ಕಲ್ಲಿ ಯಾಕೆ ಜಾಸ್ತಿ ಅಂದ್ರೆ 1809ರಲ್ಲಿ ಬ್ರಿಟಿಷರು ದಂಡು ಪ್ರದೇಶ ಮಾಡಿದ್ದು ಇಲ್ಲೇ, ಪೇಟೆ ಆ ಕಡೆ, ದಂಡು ಈ ಕಡೆ, ಸೋಲ್ಜರ್‌ಗಳು ಕುಡಿಯೋ ಜಾಗ, ಕ್ಲಬ್ಬು, ಹೋಟ್ಲು ಎಲ್ಲ ಈ ಕಡೆ ಬೆಳೀತು. ಆಮೇಲೆ ಎಂಬತ್ತರ ದಶಕದಲ್ಲಿ ಪಬ್ ಅನ್ನೋ ಪದ ಬಂದಿದ್ದೂ ಇದೇ ರಸ್ತೆಗಳಿಗೆ. ರೆಸ್ಟ್ ಹೌಸ್ ರೋಡ್‌ನಲ್ಲಿರೋ ಪೆಕೋಸ್ 1989ರಿಂದ ಇದೆ, ಅಲ್ಲಿ ಕಾಕ್‌ಟೇಲ್ ಹುಡುಕ್ಬೇಡಿ, ಹಳೇ ರಾಕ್ ಮ್ಯೂಸಿಕ್ಕು, ಜಗ್ಗಲ್ಲಿ ಬರೋ ಬಿಯರ್ರು, ಅದಷ್ಟೇ, ಆದ್ರೆ ಈ ಊರಿಗೆ ಈ ಚಟ ಹೇಗೆ ಹತ್ಕೊಳ್ತು ಅಂತ ತಿಳೀಬೇಕಂದ್ರೆ ಒಂದ್ಸಲ ಆ ಮೆಟ್ಟಿಲು ಹತ್ತಿ.

ಎಂ.ಜಿ. ರೋಡ್ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದ್ರೆ ಬಾರ್ಟನ್ ಸೆಂಟರ್ ಹತ್ರಾನೇ ಇದೆ, ಅದರ 13ನೇ ಮಹಡಿ ಈ ಊರಿನ ಹಳೇ ರೂಫ್‌ಟಾಪ್‌ಗಳಲ್ಲಿ ಒಂದು. ಸೂರ್ಯ ಮುಳುಗೋ ಹೊತ್ತಿಗೆ ಅಲ್ಲಿ ಒಂದು ಗ್ಲಾಸು, ಆಮೇಲೆ ಇಳಿದು ಚರ್ಚ್ ಸ್ಟ್ರೀಟ್ ಕಲ್ಲು ಹಾಸಿನ ಮೇಲೆ ಪುಸ್ತಕದ ಅಂಗಡಿಗಳನ್ನ ದಾಟ್ಕೊಂಡು, ಸೇಂಟ್ ಮಾರ್ಕ್ಸ್ ರೋಡ್ ಹಿಡ್ದು ಲ್ಯಾವೆಲ್ ರೋಡ್ ಕಡೆ ನಡೆದ್ರೆ ಸೀರಿಯಸ್ ಕಾಕ್‌ಟೇಲ್ ಬಾರ್‌ಗಳು ಅಲ್ಲಿವೆ. ಬಾರ್ ಸ್ಪಿರಿಟ್ ಫಾರ್ವರ್ಡ್ ಇರೋದು ಲ್ಯಾವೆಲ್ ರೋಡಲ್ಲೇ. ಹೆಸರೇ ಹೇಳೋ ಹಾಗೆ ಅಲ್ಲಿ ಜೂಸ್ ಸುರಿದಿರೋ ಡ್ರಿಂಕ್‌ಗಿಂತ ಸ್ಪಿರಿಟ್, ಅಂದ್ರೆ ರಮ್, ಜಿನ್, ವಿಸ್ಕಿ ಥರದ ಗಟ್ಟಿ ಮದ್ಯದ ರುಚಿ ಮುಂದಿರೋ ಡ್ರಿಂಕೇ ಜಾಸ್ತಿ. ನಡಿಗೆ ಒಟ್ಟು ಇಪ್ಪತ್ತು ನಿಮಿಷದ್ದು, ಆ ಇಪ್ಪತ್ತು ನಿಮಿಷ ಮೈಗೂ ಒಳ್ಳೇದು ತಲೆಗೂ ಒಳ್ಳೇದು.

ಎರಡನೇ ಸಂಜೆಗೆ ಇಂದಿರಾನಗರ, ದೊಮ್ಮಲೂರು. 100 ಅಡಿ ರಸ್ತೆ, 12ನೇ ಮೇನ್ ಎಲ್ಲರಿಗೂ ಗೊತ್ತಿರೋದೇ. ಟಾಯ್ಟ್ ಥರದ, ಬಿಯರ್ ತಾವೇ ಮಾಡಿ ಕೊಡೋ ಬ್ರೂಪಬ್‌ಗಳ ಬಗ್ಗೆ ಬೇಕಾದಷ್ಟು ಜನ ಬರ್ದಿದ್ದಾರೆ, ನಾನಿಲ್ಲಿ ಬಿಡ್ತೀನಿ. ಕಾಕ್‌ಟೇಲ್‌ಗೆ ಆ ಕಡೆ ಸೋಕಾ ಅಂತ ಇದೆ, ಚಿಕ್ಕ ಜಾಗ, ಬುಕ್ ಮಾಡ್ಕೊಂಡೇ ಹೋಗಿ. ಹಳೇ ಏರ್‌ಪೋರ್ಟ್ ರೋಡ್‌ನ ಲೀಲಾ ಪ್ಯಾಲೇಸಲ್ಲಿ ಝಡ್‌ಎಲ್‌ಬಿ23 ಇದೆ, ಅದು ಸ್ಪೀಕ್‌ಈಸಿ, ಅಂದ್ರೆ ಬೋರ್ಡ್ ಹಾಕ್ದೆ ಬಚ್ಚಿಟ್ಟಿರೋ ಥರದ ಬಾರು, ಒಳಗೆಲ್ಲ ಜಪಾನಿನ ಕ್ಯೋಟೋ ಅಲಂಕಾರ. ಈ ಸೋಕಾ, ಝಡ್‌ಎಲ್‌ಬಿ23, ಸ್ಪಿರಿಟ್ ಫಾರ್ವರ್ಡ್ ಮೂರೂ 2025ರ ಏಷ್ಯಾಸ್ 50 ಬೆಸ್ಟ್ ಬಾರ್ಸ್ ಪಟ್ಟಿಯಲ್ಲಿ ಇದ್ವು. ಇಡೀ ಏಷ್ಯಾಗೆ ಐವತ್ತು ಬಾರು ಆರಿಸಿದ್ರೆ ಅದರಲ್ಲಿ ಮೂರು ನಮ್ಮ ಊರಿಂದು! ನನಗಂತೂ ಅದನ್ನ ಓದಿದ ದಿನ ಬಹಳ ಹೆಮ್ಮೆ ಆಯ್ತು, ಈಗ್ಲೂ ಇದೆ.

ಉತ್ತರದ ಕಡೆ ಇರೋರಿಗೆ ಹೆಬ್ಬಾಳದ ಫೋರ್ ಸೀಸನ್ಸ್‌ನಲ್ಲಿ 21ನೇ ಮಹಡಿ ಮೇಲೆ ಕೋಪಿಟಾಸ್. ಪಶ್ಚಿಮಕ್ಕೆ ಬಂದ್ರೆ ಬ್ರಿಗೇಡ್ ಗೇಟ್‌ವೇ ಒಳಗಿನ ವರ್ಲ್ಡ್ ಟ್ರೇಡ್ ಸೆಂಟರ್, ಅದರ 31ನೇ ಮಹಡಿಯ ಹೈ ಅಲ್ಟ್ರಾ ಲೌಂಜ್. ಹಸಿರು ಲೈನ್‌ನ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಸ್ಟೇಷನ್‌ನಿಂದ ನಡ್ಕೊಂಡೇ ಹೋಗ್ಬಹುದು. ಒಂದ್ ಕಡೆ ಇಸ್ಕಾನ್ ಗುಡಿ, ಇನ್ನೊಂದ್ ಕಡೆ ಮಲ್ಲೇಶ್ವರದ ಮರಗಳು, ರಾಜಾಜಿನಗರದಲ್ಲಿ ಹುಟ್ಟಿ ಬೆಳೆದೋರಿಗೆ ತಮ್ಮ ಏರಿಯಾನೇ ಹೊಸದಾಗಿ ಕಾಣತ್ತೆ.

ಎಲ್ಲೇ ಹೋದ್ರೂ ಹೊರಡೋ ಮುಂಚೆ ಒಂದು ಫೋನ್ ಮಾಡಿ. ಈ ಊರಲ್ಲಿ ಜಾಗಗಳು ಬೇಗ ಮುಚ್ತಾವೆ, ಬೇಗ ಹೆಸರು ಬದಲಾಯಿಸ್ತಾವೆ, ಸಂಜೆಗೆ ಪ್ರೈವೇಟ್ ಪಾರ್ಟಿಗೆ ಪೂರ್ತಿ ಕೊಟ್ಬಿಟ್ಟಿರ್ತಾರೆ. ಫೋನಲ್ಲಿ ನಾಲ್ಕು ಮಾತು ಕೇಳಿ: ಇವತ್ತು ಓಪನ್ನಾ, ಕವರ್ ಚಾರ್ಜ್ (ಒಳಗೆ ಬಿಡೋಕೇ ತಗೊಳ್ಳೋ ದುಡ್ಡು) ಇದ್ಯಾ, ಬರೀ ಗಂಡಸರು ಬಂದ್ರೆ ಬಿಡ್ತೀರಾ, ಡ್ರೆಸ್ ಕೋಡ್ ಏನು. ನಾಲ್ಕನೇದು ನಾನು ಕಲ್ತಿದ್ದು ಕಷ್ಟಪಟ್ಟು. ಒಂದ್ಸಲ ಒಂದು ರೂಫ್‌ಟಾಪಿಗೆ ಆರು ಜನಕ್ಕೆ ಟೇಬಲ್ ಬುಕ್ ಮಾಡ್ಕೊಂಡು ಹೋದ್ವಿ, ಲಿಫ್ಟ್ ಹತ್ರಾನೇ ನಮ್ಮ ಚಿಕ್ಕಪ್ಪನ ಮಗನ್ನ ನಿಲ್ಲಿಸಿ "ಚಪ್ಪಲಿ ಅಲೋ ಇಲ್ಲ ಸರ್" ಅಂದ್ರು. ಬುಕಿಂಗ್ ಮಾಡುವಾಗ ಒಂದ್ ಮಾತು ಹೇಳಿರ್ಲಿಲ್ಲ. ಅವನು ಒಳ್ಳೇ ಲೆದರ್ ಚಪ್ಪಲಿ ಹಾಕ್ಕೊಂಡಿದ್ದ, ಮದುವೆ ಮನೆಗೆ ಹಾಕೋ ಅಂಥದ್ದು. ನಾವು ಆರೂ ಜನ ವಾಪಸ್ ಬಂದ್ವಿ, ಅವನೊಬ್ಬನ್ನ ಕೆಳಗೆ ಬಿಟ್ಟು ನಾವು ಮೇಲೆ ಹೋಗೋ ಪ್ರಶ್ನೆನೇ ಇರ್ಲಿಲ್ಲ. ಆ ಬೇಜಾರು ಇನ್ನೂ ಇದೆ. ಹಾಗಾಗಿ ಗಂಡಸರಿಗೆ ಹೇಳೋದು, ಶೂ ಹಾಕ್ಕೊಳ್ಳಿ, ಚಡ್ಡಿ ಬೇಡ, ಅಷ್ಟಿದ್ರೆ ಎಲ್ಲಿಗಾದ್ರೂ ಸಾಕು.

ಕೌಂಟರ್ ಮುಂದೆ ಕೂತ್ಕೊಳ್ಳಿ

ಇಡೀ ಬರಹದಲ್ಲಿ ಒಂದೇ ಒಂದು ಮಾತು ತಗೊಂಡು ಹೋಗೋದಾದ್ರೆ ಇದನ್ನೇ ತಗೊಳ್ಳಿ. ಕಾಕ್‌ಟೇಲ್ ಬಾರಲ್ಲಿ ಟೇಬಲ್ ಕೇಳ್ಬೇಡಿ, ಬಾರ್ ಕೌಂಟರ್ ಮುಂದಿನ ಎತ್ತರದ ಸ್ಟೂಲ್ ಕೇಳಿ. ಟೇಬಲ್ಲಲ್ಲಿ ಕೂತ್ರೆ ನಿಮಗೆ ಸಿಗೋದು ಮೆನು ಮತ್ತೆ ಗ್ಲಾಸು. ಕೌಂಟರಲ್ಲಿ ಕೂತ್ರೆ ಅಡುಗೆಮನೆ ಕಟ್ಟೆ ಮೇಲೆ ಕೂತು ಅಮ್ಮ ಒಗ್ಗರಣೆ ಹಾಕೋದನ್ನ ನೋಡ್ದಂಗೆ ಎಲ್ಲಾ ಕಣ್ಮುಂದೆನೇ ಆಗತ್ತೆ.

ನಮ್ಮ ಭಾವ ಅರಸೀಕೆರೆಯೋರು. ಮೂವತ್ತು ವರ್ಷದಿಂದ ರಮ್ ಒಂದೇ, ಅದಕ್ಕೆ ನೀರು, ಚಳಿಗಾಲ ಆದ್ರೆ ಬಿಸಿನೀರು. ಎರಡು ವರ್ಷದ ಹಿಂದೆ ಅಕ್ಕನ ಮನೆ ಗೃಹಪ್ರವೇಶದ ಕೆಲ್ಸಕ್ಕೆ ಅಂತ ಬೆಂಗಳೂರಿಗೆ ಬಂದಿದ್ರು, ಒಂದು ಬುಧವಾರ ಕರ್ಕೊಂಡು ಹೋದೆ. ಮೆನು ಕೈಗೆ ಕೊಟ್ರು, ಭಾವ ಎರಡು ಪುಟ ತಿರುಗಿಸಿ ನನ್ನ ಕೈಗೆ ಕೊಟ್ರು. ಬಾರ್‌ಟೆಂಡರ್ ಹುಡುಗ ಸಕಲೇಶಪುರದ ಕಡೆಯವನು, ಕನ್ನಡದಲ್ಲೇ ಕೇಳ್ದ, "ಮೆನು ಬಿಡಿ ಸರ್, ನಿಮಗೆ ಏನೇನ್ ಇಷ್ಟ ಹೇಳಿ." ಭಾವ ಸ್ವಲ್ಪ ಯೋಚ್ನೆ ಮಾಡಿ, "ರಮ್ಮು ಇರ್ಲಿ. ಒಂದು ನಿಂಬೆಹಣ್ಣು ಹಿಂಡಿ. ಬೆಲ್ಲ ಇದ್ಯೇನಪ್ಪಾ ನಿಮ್ಮಲ್ಲಿ?" ಅಂದ್ರು. ಹುಡುಗನ ಮುಖ ಅರಳ್ತು. ಯಾಕಂದ್ರೆ ರಮ್, ನಿಂಬೆ, ಸಕ್ಕರೆ ಸೇರಿದ್ರೆ ಡೈಕ್ವಿರಿ, ಕ್ಯೂಬಾದಲ್ಲಿ ಹುಟ್ಟಿ ಜಗತ್ತೆಲ್ಲಾ ಸುತ್ತಿದ ಡ್ರಿಂಕು, ಭಾವ ಅದರ ಹೆಸರೇ ಕೇಳ್ದೆ ಅದನ್ನೇ ಆರ್ಡರ್ ಮಾಡಿದ್ರು, ಸಕ್ಕರೆ ಬದಲು ಬೆಲ್ಲ ಹಾಕಿ.

ಅವನು ಮಾಡಿದ್ದನ್ನ ಹತ್ತಿರದಿಂದ ನೋಡ್ದೆ. ಮೊದಲು ಒಂದು ಚಿಕ್ಕ ಬಟ್ಟಲಲ್ಲಿ ಬೆಲ್ಲದ ಪಾಕ ತೆಗ್ದು ಭಾವಂಗೆ ಚಮಚದಲ್ಲಿ ರುಚಿ ತೋರ್ಸ್ದ. ಜಿಗ್ಗರ್ ಅಂತ ಎರಡು ಬದಿ ಇರೋ ಅಳತೆ ಲೋಟ ಇರತ್ತಲ್ಲ, ಅದರಲ್ಲಿ ರಮ್ ಅಳೆದ, ನಿಂಬೆ ರಸ ಆಗಿಂದಾಗ್ಲೇ ಹಿಂಡಿದ, ಶೇಕರ್ ತುಂಬ ಐಸ್ ಹಾಕಿ ಕಿವಿ ಪಕ್ಕ ಎತ್ತಿ ಹದಿನೈದು ಎಣಿಸೋಷ್ಟು ಹೊತ್ತು ಕುಲುಕಿದ. ಶೇಕರ್ ಹೊರಗಡೆ ಬೆಳ್ಳಗೆ ಮಂಜು ಕಟ್ಕೊಂಡಾಗ ನಿಲ್ಲಿಸ್ದ. ಸೋಸಿ ಸುರಿದ್ರೆ ಮೇಲೆ ತೆಳ್ಳಗೆ ನೊರೆ, ಬಣ್ಣ ಹೊಸ ಜೇನಿನ ಥರ. ಭಾವ ಒಂದು ಗುಟುಕು ಕುಡ್ದು ಗ್ಲಾಸ್ ಕೆಳಗಿಟ್ಟು, ಮತ್ತೆ ಎತ್ತಿ, "ಇದು ಪಾನಕ ಕಣೋ" ಅಂದ್ರು. ಹೌದು, ಪಾನಕನೇ, ರಮ್ ಹಾಕಿದ ಪಾನಕ.

ಹಾಗಾಗಿ ಆರ್ಡರ್ ಮಾಡೋದು ಹೇಗೆ ಅಂದ್ರೆ, ಹೆಸರು ಗೊತ್ತಿರ್ಬೇಕು ಅಂತೇನಿಲ್ಲ, ನಿಮ್ಮ ನಾಲಿಗೆ ಏನು ಕೇಳ್ತಿದೆ ಅಂತ ಹೇಳಿ. ಹುಳಿ ಬೇಕಾ, ಸಿಹಿ ಬೇಕಾ, ಕಹಿ ಆಗತ್ತಾ, ಖಾರ ಆಗತ್ತಾ, ಉದ್ದದ ಗ್ಲಾಸಲ್ಲಿ ಸೋಡಾ ಜೊತೆ ತಣ್ಣಗೆ ಬೇಕಾ, ಚಿಕ್ಕ ಗ್ಲಾಸಲ್ಲಿ ಗಟ್ಟಿಯಾಗಿ ಬೇಕಾ. ಯಾವ ಸ್ಪಿರಿಟ್ ಒಗ್ಗಲ್ಲ ಅನ್ನೋದನ್ನೂ ಹೇಳಿ. ಇಷ್ಟು ಹೇಳಿದ್ರೆ ಒಳ್ಳೇ ಬಾರ್‌ಟೆಂಡರ್‌ಗೆ ಸಾಕು. ಕನ್ನಡ ಬರೋರ ಜೊತೆ ಕನ್ನಡದಲ್ಲೇ ಮಾತಾಡಿ. ಈ ಬಾರ್‌ಗಳಲ್ಲಿ ಮಣಿಪುರ, ಡಾರ್ಜಿಲಿಂಗ್, ನೇಪಾಳ ಕಡೆಯವರು ಬಹಳ ಜನ ಇದ್ದಾರೆ, ನಾಲ್ಕು ವರ್ಷ ಇಲ್ಲಿದ್ದೋರು ಚೆನ್ನಾಗೇ ಕನ್ನಡ ಆಡ್ತಾರೆ, ನಾವೇ ಇಂಗ್ಲಿಷಲ್ಲಿ ಶುರು ಮಾಡಿದ್ರೆ ಅವರು ಯಾಕೆ ಕನ್ನಡ ತೆಗೀತಾರೆ ಹೇಳಿ.

ಇನ್ನು ನೋಡ್ತಾ ನೋಡ್ತಾ ಕೆಲವು ವಿಷ್ಯ ತಾನಾಗೇ ಗೊತ್ತಾಗತ್ತೆ. ನಿಂಬೆ, ಜೂಸು, ಮೊಟ್ಟೆ ಬಿಳಿ ಇರೋ ಡ್ರಿಂಕ್ ಕುಲುಕ್ತಾರೆ, ಬರೀ ಸ್ಪಿರಿಟ್‌ಗಳೇ ಸೇರಿರೋದನ್ನ ಉದ್ದ ಚಮಚದಲ್ಲಿ ತಿರುಗಿಸ್ತಾರೆ. ಕುಲುಕಿದ್ರೆ ಗಾಳಿ ಸೇರಿ ಮಬ್ಬಾಗತ್ತೆ, ತಿರುಗಿಸಿದ್ರೆ ತಿಳಿಯಾಗೇ ಇರತ್ತೆ. ದೊಡ್ಡ ಚೌಕದ ಗಾಜಿನಂಥ ಐಸ್ ಹಾಕೋದು ಶೋಕಿಗಲ್ಲ, ಒಂದೇ ದೊಡ್ಡ ಗಡ್ಡೆ ನಿಧಾನಕ್ಕೆ ಕರಗತ್ತೆ, ಡ್ರಿಂಕ್ ಬೇಗ ನೀರಾಗಲ್ಲ. ನನಗೆ ಅತಿ ಇಷ್ಟ ಆಗಿದ್ದು ಕ್ಲಾರಿಫೈಡ್ ಮಿಲ್ಕ್ ಪಂಚ್. ಸ್ಪಿರಿಟ್ಟು, ನಿಂಬೆ, ಮಸಾಲೆ ಎಲ್ಲ ಸೇರಿಸಿ ಅದನ್ನ ಹಾಲಿಗೆ ಸುರೀತಾರೆ, ಹಾಲು ಒಡೆಯತ್ತೆ, ಆ ಒಡೆದಿದ್ದನ್ನ ಬಟ್ಟೇಲಿ ಗಂಟೆಗಟ್ಲೆ ತೊಟ್ಟು ತೊಟ್ಟಾಗಿ ಸೋಸ್ತಾರೆ. ಮನೇಲಿ ಹಾಲು ಒಡೆಸಿ ಪನ್ನೀರ್ ಮಾಡುವಾಗ ಕೆಳಗೆ ನೀರು ಇಳಿಯತ್ತಲ್ಲ, ಅದೇ. ಆದ್ರೆ ಅದು ಕನ್ನಡಿ ಥರ ತಿಳಿ, ಬಾಯಿಗೆ ಹಾಕ್ಕೊಂಡ್ರೆ ರೇಷ್ಮೆ. ಮೆನುನಲ್ಲಿ ಕಂಡ್ರೆ ಬಿಡ್ಬೇಡಿ.

ಮತ್ತೆ ನಮ್ಮ ನೆಲದ ವಸ್ತು ಇರೋ ಡ್ರಿಂಕ್ ಇದ್ಯಾ ಅಂತ ಕೇಳಿ. ಪುನರ್ಪುಳಿ, ಕೊಡಗಿನ ಕಾಫಿ ಡಿಕಾಕ್ಷನ್, ಬ್ಯಾಡಗಿ ಮೆಣಸಿನಕಾಯಿ, ಮಲ್ಲಿಗೆ, ಕರಿಬೇವು, ಇವೆಲ್ಲ ಈಗ ಕೌಂಟರ್ ಮೇಲೆ ಬಂದಿವೆ. ವಿಸ್ಕಿ ಕುಡಿಯೋರು ಅಮೃತ್ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬಾರ್ಲಿಯಿಂದ ಮಾಡೋ ವಿಸ್ಕಿ) ಒಂದ್ಸಲ ನೀಟ್ ಆಗಿ, ಅಂದ್ರೆ ನೀರು ಐಸ್ ಏನೂ ಹಾಕ್ದೆ, ಕೇಳಿ. 1948ರಲ್ಲಿ ಶುರುವಾದ ಬೆಂಗಳೂರಿನ ಕಂಪನಿ, 2004ರಲ್ಲಿ ತಮ್ಮ ಸಿಂಗಲ್ ಮಾಲ್ಟನ್ನ ಮೊದಲು ಬಿಡುಗಡೆ ಮಾಡಿದ್ದು ಎಲ್ಲಿ ಗೊತ್ತಾ, ಸ್ಕಾಟ್‌ಲೆಂಡಿನ ಗ್ಲಾಸ್ಗೋನಲ್ಲಿ! ಮೈಸೂರು ರೋಡಿನ ಕಂಬೀಪುರದಲ್ಲಿ ಮಾಡಿ ಅಲ್ಲಿ ಹೋಗಿ ಇಟ್ರಲ್ಲ, ಆ ಧೈರ್ಯ ನೆನೆಸ್ಕೊಂಡು ಕುಡೀರಿ.

ನೆಗ್ರೋನಿ ಅನ್ನೋ ಕಾಕ್‌ಟೇಲ್ ಬಗ್ಗೆ ಒಂದು ಮಾತು. ಜಿನ್, ಕಂಪಾರಿ ಅನ್ನೋ ಇಟಲಿಯ ಕೆಂಪು ಮದ್ಯ, ಸ್ವೀಟ್ ವರ್ಮುತ್ ಅನ್ನೋ ಮಸಾಲೆ ಸೇರಿಸಿದ ಸಿಹಿ ವೈನು, ಮೂರೂ ಸಮಸಮ, 30-30-30 ಎಂಎಲ್. ಮೊದಲ ಸಲ ಕುಡಿದೋರೆಲ್ಲ ಮುಖ ಕಿವುಚ್ತಾರೆ, ಕಂಪಾರಿ ಅಷ್ಟು ಕಹಿ. ಯುಗಾದಿ ದಿನ ಬೇವು ಬೆಲ್ಲ ತಿಂದು ಬೆಳೆದ ನಾಲಿಗೆ ನಮ್ದು, ಮೂರನೇ ಗುಟುಕಿಗೆ ಒಗ್ಗತ್ತೆ, ಕೊಡ್ಸಿ ನೋಡಿ.

ವೈನ್

ವೈನ್ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಒಂದು ಅಳುಕು, ಹೆಸರು ಓದೋಕೆ ಬರಲ್ಲ, ಗ್ಲಾಸ್ ಹೇಗೆ ಹಿಡೀಬೇಕೋ ಗೊತ್ತಿಲ್ಲ ಅಂತ. ದ್ರಾಕ್ಷಿ ಬೆಳೆಯೋ ರಾಜ್ಯದವರು ನಾವು, ಅಳುಕು ಯಾಕೆ? ಗ್ರೋವರ್ ಅವರ ತೋಟ ಶುರುವಾಗಿದ್ದು 1988ರಲ್ಲಿ ನಂದಿ ಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಹತ್ರ. ಅವರ ಲಾ ರಿಸರ್ವ್ ಅನ್ನೋ ಕೆಂಪು ವೈನು, ಕ್ಯಾಬರ್ನೆ ಮತ್ತೆ ಶಿರಾಜ್ ಅನ್ನೋ ಎರಡು ದ್ರಾಕ್ಷಿ ಸೇರಿರೋದು, ಯಾವ ವೈನ್ ಲಿಸ್ಟಲ್ಲಿ ಬೇಕಾದ್ರೂ ಸಿಗತ್ತೆ. ಹಂಪಿ ಹತ್ರ ಕೃಷ್ಮಾ ಎಸ್ಟೇಟ್ಸ್ ಇದೆ, ಸ್ವಲ್ಪ ದುಬಾರಿ ಆದ್ರೆ ಬೆಲೆಗೆ ತಕ್ಕ ವೈನು. ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ಚಿಕ್ಕಬಳ್ಳಾಪುರ ಕೋಲಾರದ ಕಡೆಯೋರಿಗೆ ಅದರ ವಾಸನೆ ಗೊತ್ತು, ದಪ್ಪ ಸಿಪ್ಪೆ, ಒಳಗೆ ಬೀಜ, ಜಾಮ್ ಥರ ಘಮ. ಅದರಿಂದ ಬರೋದು ಸಿಹಿ ಪೋರ್ಟ್ ಥರದ ವೈನು, ನಮ್ಮಜ್ಜಿ ಕಾಲದ ರುಚಿ. ವೈನ್ ಬಾರಲ್ಲಿ ಅದನ್ನ ಕೀಳಾಗಿ ನೋಡ್ತಾರೆ, ನನಗೆ ಅದು ಸರಿ ಅನ್ಸಲ್ಲ, ಊಟ ಆದ್ಮೇಲೆ ತಣ್ಣಗೆ ಮಾಡಿ ಒಂದು ಚಿಕ್ಕ ಗ್ಲಾಸ್ ಕುಡಿದ್ರೆ ಚೆನ್ನಾಗೇ ಇರತ್ತೆ.

ವೈನ್ ಬಾರಲ್ಲಿ ಬಾಟಲ್ ತಗೋಬೇಡಿ, ಗ್ಲಾಸ್ ಲೆಕ್ಕದಲ್ಲಿ ತಗೊಳ್ಳಿ. ಒಂದು ಗ್ಲಾಸ್ ಅಂದ್ರೆ ಸಾಮಾನ್ಯವಾಗಿ 150 ಎಂಎಲ್, 750ರ ಬಾಟಲಲ್ಲಿ ಐದು ಗ್ಲಾಸು. ಇಬ್ಬರು ಹೋದ್ರೆ ಬೇರೆ ಬೇರೆ ಹೇಳಿ ಬದಲಾಯಿಸ್ಕೊಂಡು ರುಚಿ ನೋಡಿ. "ಈ ಬಾಟಲ್ ಯಾವತ್ತು ಓಪನ್ ಮಾಡಿದ್ದು?" ಅಂತ ಧೈರ್ಯವಾಗಿ ಕೇಳಿ, ತೆರೆದಿಟ್ಟು ನಾಲ್ಕೈದು ದಿನ ಆದ ವೈನು ಹುಳಿ ತಿರುಗಿರತ್ತೆ, ದುಡ್ಡು ನಿಮ್ದು. ಕೆಂಪು ವೈನ್ ರೂಮ್ ಟೆಂಪರೇಚರಲ್ಲಿ ಕುಡೀಬೇಕು ಅಂತಾರಲ್ಲ, ಅದು ಯುರೋಪಿನ ರೂಮಿನ ಮಾತು, 16-18 ಡಿಗ್ರಿ. ನಮ್ಮ ರೂಮು ಏಪ್ರಿಲ್‌ನಲ್ಲಿ 30 ಇರತ್ತೆ. ಗ್ಲಾಸ್ ಬೆಚ್ಚಗನ್ಸಿದ್ರೆ ಹದಿನೈದು ನಿಮಿಷ ಐಸ್ ಬಕೆಟಲ್ಲಿ ಇಟ್ಟು ಕೊಡಿ ಅನ್ನಿ, ಯಾರೂ ತಪ್ಪು ತಿಳಿಯಲ್ಲ.

ತಿನ್ನೋದಕ್ಕೆ ಚೀಸ್ ಪ್ಲೇಟೇ ಬೇಕು ಅಂತಿಲ್ಲ. ಕಾಚಂಪುಳಿ, ಅಂದ್ರೆ ಕೊಡಗಿನ ಕಪ್ಪು ಹುಳಿ, ಹಾಕಿದ ಪಂದಿ ಕರಿ ಜೊತೆ ಶಿರಾಜ್ ಕುಡಿದ್ ನೋಡಿ, ಕರಿ ಮೆಣಸಿನ ಖಾರಕ್ಕೂ ವೈನಿನ ಮೆಣಸಿನ ವಾಸನೆಗೂ ಎಷ್ಟು ಹೊಂದತ್ತೆ ಅಂದ್ರೆ! ಘೀ ರೋಸ್ಟ್‌ಗೆ ಸ್ವಲ್ಪ ಸಿಹಿ ಇರೋ ಶೆನಾ ಬ್ಲಾಂಕ್ ಅನ್ನೋ ಬಿಳಿ ವೈನು, ಮದ್ದೂರು ವಡೆಗೆ ಗುಳ್ಳೆ ಬರೋ ಸ್ಪಾರ್ಕ್ಲಿಂಗ್ ವೈನು. ಇವೆಲ್ಲ ನನ್ನ ನಾಲಿಗೆ ಹೇಳಿದ್ದು, ನಿಮ್ದು ಬೇರೆ ಇರ್ಬಹುದು.

ಮೇಲೆ ಹತ್ತೋ ಮುಂಚೆ

ರೂಫ್‌ಟಾಪನ್ನ ಯಾವಾಗ್ಲೂ ಮೊದಲನೇ ಜಾಗ ಮಾಡ್ಕೊಳ್ಳಿ, ಕೊನೇದಲ್ಲ. ರಾತ್ರಿ ಹತ್ತಕ್ಕೆ ಹತ್ತಿದ್ರೆ ಕಾಣೋದು ಲೈಟು ಮತ್ತೆ ಕತ್ತಲು. ಸಂಜೆ ಹೋದ್ರೆ ಬಿಸಿಲು ಇಳಿಯೋದು, ಕಾಗೆ ಗೂಡಿಗೆ ಹೋಗೋದು, ಊರಿನ ಲೈಟು ಒಂದೊಂದಾಗಿ ಹತ್ಕೊಳ್ಳೋದು ಎಲ್ಲ ನೋಡ್ಬಹುದು. ಡಿಸೆಂಬರ್‌ನಲ್ಲಿ ಸೂರ್ಯ ಆರರ ಆಸುಪಾಸಲ್ಲಿ ಮುಳುಗತ್ತೆ, ಜುಲೈನಲ್ಲಿ ಆರೂಮುಕ್ಕಾಲು ದಾಟತ್ತೆ, ಅದಕ್ಕೆ ಮುಕ್ಕಾಲು ಗಂಟೆ ಮುಂಚೆ ಅಲ್ಲಿರಿ. ಆ ಹೊತ್ತಿಗೆ ಹ್ಯಾಪಿ ಅವರ್ಸೂ ಇರತ್ತೆ ಬಹಳ ಕಡೆ, ಒಳ್ಳೇ ಟೇಬಲ್ಲೂ ಸಿಗತ್ತೆ. ಏಪ್ರಿಲ್, ಮೇ, ಸೆಪ್ಟೆಂಬರ್, ಅಕ್ಟೋಬರಲ್ಲಿ ಸಂಜೆ ಮಳೆ ಗ್ಯಾರಂಟಿ ಅನ್ಕೊಂಡೇ ಹೋಗಿ, ಒಳಗೆ ಮುಚ್ಚಿದ ಜಾಗ ಇದ್ಯಾ ಅಂತ ಕೇಳಿ. ಡಿಸೆಂಬರ್ ಜನವರಿನಲ್ಲಿ ಗಾಳಿಗೆ ಒಂದು ಸ್ವೆಟರ್. ನಮ್ಮೂರೇ ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ, ಅದರ ಮೇಲೆ ಇನ್ನೂ ಇಪ್ಪತ್ತು ಮೂವತ್ತು ಮಹಡಿ ಅಂದ್ರೆ ಗಾಳಿ ಹೇಗಿರತ್ತೆ ನೋಡಿ.

ಕೂತ್ಕೊಳ್ಳೋ ಮುಂಚೆ ಒಂದು ಕೆಲ್ಸ ತಪ್ಪದೆ ಮಾಡಿ: ಲಿಫ್ಟ್ ಬಿಟ್ಟು ಮೆಟ್ಟಿಲು ಎಲ್ಲಿದೆ, ಎರಡನೇ ದಾರಿ ಇದ್ಯಾ, ಆ ಬಾಗಿಲ ಮುಂದೆ ಬಿಯರ್ ಕ್ರೇಟ್ ಪೇರಿಸಿಟ್ಟಿಲ್ಲ ತಾನೆ ಅಂತ ಕಣ್ಣಲ್ಲೇ ನೋಡಿ. 2023ರ ಅಕ್ಟೋಬರಲ್ಲಿ ತಾವರೆಕೆರೆ ಮೇನ್ ರೋಡಲ್ಲಿ ಕಟ್ಟಡದ ಮೇಲಿದ್ದ ಕೆಫೆಗೆ ಬೆಂಕಿ ಬಿದ್ದು, ಸಿಲಿಂಡರ್ ಸಿಡಿದು, ಒಬ್ರು ಮೇಲಿಂದ ಹಾರಿದ್ದನ್ನ ನಾವೆಲ್ಲ ವಿಡಿಯೋದಲ್ಲಿ ನೋಡಿದ್ವಿ. ಮುಂಬೈ ಕಮಲಾ ಮಿಲ್ಸಲ್ಲಿ 2017ರ ಡಿಸೆಂಬರ್‌ನಲ್ಲಿ 14 ಜನ ಪ್ರಾಣ ಬಿಟ್ರು, ಅದೂ ಟೆರೇಸ್ ಮೇಲಿನ ಬೆಂಕಿನೇ. ದಾರಿ ಇಕ್ಕಟ್ಟು ಅನ್ಸಿದ್ರೆ, ಮೇಲೆ ತಗಡು, ಬಿದಿರು, ಪ್ಲಾಸ್ಟಿಕ್ ಹೂವಿನ ಅಲಂಕಾರ ತುಂಬಿದ್ರೆ, ಇಳಿದು ಬೇರೆ ಕಡೆ ಹೋಗಿ. ನಾನು ಎರಡು ಸಲ ಹಾಗೆ ಇಳಿದು ಬಂದಿದ್ದೀನಿ.

ಹತ್ತು ಗಂಟೆ ಮೇಲೆ ಬಯಲಲ್ಲಿ ಸ್ಪೀಕರ್ ಹಾಕೋ ಹಾಗಿಲ್ಲ, ಕಾನೂನು. ಮ್ಯೂಸಿಕ್ ಇಳಿಸಿದ್ರೆ ಸ್ಟಾಫ್ ಜೊತೆ ಜಗಳ ಆಡ್ಬೇಡಿ. ಇಂದಿರಾನಗರದ ಹಳೇ ಮನೆಯೋರು ಈ ಶಬ್ದದ ಮೇಲೆ ವರ್ಷಗಟ್ಲೆ ಹೋರಾಡಿದ್ದಾರೆ, ಆ ಕಾಂಪೌಂಡ್‌ಗಳ ಒಳಗೆ ವಯಸ್ಸಾದೋರು ಮಲಗಿರ್ತಾರೆ, ರಸ್ತೆಗೆ ಬಂದ್ಮೇಲೆ ಮೆಲ್ಲಗೆ ಮಾತಾಡಿ.

ಲೆಕ್ಕ, ಬಿಲ್ಲು, ಮನೆ ದಾರಿ

ಮೂರೇ ಗ್ಲಾಸ್ ಅಂತ ಯಾಕೆ ಹೇಳ್ತಿದ್ದೀನಿ ಅಂದ್ರೆ ಲೆಕ್ಕ ನೋಡಿ. ನಮ್ಮ ದೇಶದ ಸ್ಪಿರಿಟ್ ಬಹುಪಾಲು 42.8 ಪರ್ಸೆಂಟ್. ಒಂದು ಲಾರ್ಜ್, 60 ಎಂಎಲ್, ಅಂದ್ರೆ ಅದರಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 25 ಎಂಎಲ್, ತೂಕದಲ್ಲಿ 20 ಗ್ರಾಂ. ನೆಗ್ರೋನಿಯಲ್ಲಿ ಜಿನ್ 30 ಎಂಎಲ್ ಮಾತ್ರ ಅಂತ ಹಗುರ ಅನ್ಕೋಬೇಡಿ, ಕಂಪಾರಿ ವರ್ಮುತ್ ಸೇರಿ ಅದೂ ಒಂದು ಲಾರ್ಜ್‌ಗೆ ಸಮ. ವೈನ್ ಒಂದು ಗ್ಲಾಸಲ್ಲಿ ಸುಮಾರು 15 ಗ್ರಾಂ. ಲಾಂಗ್ ಐಲ್ಯಾಂಡ್ ಐಸ್ಡ್ ಟೀನಲ್ಲಿ ಐದು ಥರ ಸ್ಪಿರಿಟ್, ಒಂದೊಂದು 15 ಎಂಎಲ್ ಅಂದ್ರೂ 75, ಟೀ ಒಂದು ತೊಟ್ಟೂ ಇಲ್ಲ. ಮೈಯಿಂದ ಒಂದು ಲಾರ್ಜ್ ಇಳಿಯೋಕೆ ಕಡಿಮೆ ಅಂದ್ರೂ ಎರಡು ಗಂಟೆ ಬೇಕು, ಕಾಫಿ ಕುಡಿದ್ರೂ ಮಜ್ಜಿಗೆ ಕುಡಿದ್ರೂ ಅದು ಬೇಗ ಆಗಲ್ಲ. ಒಂದು ಗ್ಲಾಸ್ ಆದ್ಮೇಲೆ ಒಂದು ಗ್ಲಾಸ್ ನೀರು, ಕೇಳೋಕೆ ಸಂಕೋಚ ಬೇಡ, ಬಾಟಲ್ ನೀರೇ ಬೇಕು ಅಂತಿಲ್ಲ, ಫಿಲ್ಟರ್ ನೀರು ಕೊಡಿ ಅನ್ನಿ.

ಗುಂಪಲ್ಲಿ ಕುಡಿಯದೇ ಇರೋರು ಇದ್ರೆ ಅವರನ್ನ ಬಲವಂತ ಮಾಡೋದು, ಕಾಲೆಳೆಯೋದು ದಯವಿಟ್ಟು ಬೇಡ. ಒಳ್ಳೇ ಕಾಕ್‌ಟೇಲ್ ಬಾರಲ್ಲಿ ಆಲ್ಕೋಹಾಲ್ ಇಲ್ದಿರೋ ಡ್ರಿಂಕೂ ಅಷ್ಟೇ ಶ್ರದ್ಧೆಯಿಂದ ಮಾಡ್ತಾರೆ, ಅವರಿಗೂ ಕೌಂಟರಲ್ಲೇ ಜಾಗ ಕೊಡಿ. ಹೆಣ್ಣುಮಕ್ಕಳ ಗುಂಪಾದ್ರೆ ಗ್ಲಾಸ್ ಬಿಟ್ಟು ಎದ್ದು ಹೋಗ್ಬೇಡಿ, ಕ್ಯಾಬ್ ಡೀಟೇಲ್ಸ್ ಒಬ್ರಿಗೊಬ್ರು ಕಳ್ಸಿ, ಏನಾದ್ರೂ ಸರಿ ಇಲ್ಲ ಅನ್ಸಿದ ತಕ್ಷಣ ಬಾರ್‌ಟೆಂಡರ್‌ಗೆ ಹೇಳಿ, ಬೇಕಾದ್ರೆ 112.

ದುಡ್ಡಿನ ವಿಷಯ. ಒಳ್ಳೇ ಜಾಗದಲ್ಲಿ ಒಂದು ಕಾಕ್‌ಟೇಲ್‌ಗೆ 700ರಿಂದ 1,000 ಚಿಲ್ಲರೆ ಆಗತ್ತೆ, ಸ್ಟಾರ್ ಹೋಟೆಲಲ್ಲಿ ಇನ್ನೂ ಜಾಸ್ತಿ. ಬಿಲ್ ಬಂದಾಗ ನಿಧಾನಕ್ಕೆ ಓದಿ. ಮದ್ಯಕ್ಕೆ ಜಿಎಸ್‌ಟಿ ಇಲ್ಲ, ಊಟಕ್ಕೆ ಮಾತ್ರ. ಸರ್ವಿಸ್ ಚಾರ್ಜ್ ಅಂತ 10 ಪರ್ಸೆಂಟ್ ತಾವೇ ಸೇರಿಸಿದ್ರೆ ತೆಗೆಸೋ ಹಕ್ಕು ನಿಮಗಿದೆ, ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹಾಗೆ ಸೇರಿಸ್ಬಾರ್ದು ಅಂತ ಮಾರ್ಗಸೂಚಿ ತಂತು, 2025ರಲ್ಲಿ ದೆಹಲಿ ಹೈಕೋರ್ಟ್ ಅದನ್ನ ಎತ್ತಿ ಹಿಡೀತು. ನಾನು ತೆಗೆಸ್ತೀನಿ, ತೆಗೆಸಿ ಅದಕ್ಕಿಂತ ಸ್ವಲ್ಪ ಜಾಸ್ತಿನೇ ಕ್ಯಾಶಲ್ಲಿ ಬಾರ್‌ಟೆಂಡರ್ ಕೈಗೆ ಕೊಡ್ತೀನಿ, ಯಾಕಂದ್ರೆ ಆ ಗ್ಲಾಸ್ ಮಾಡಿದ್ದು ಅವರು.

ಗಾಡಿ ಮನೇಲೇ ಬಿಡಿ, ಇದರಲ್ಲಿ ಮಾತೇ ಇಲ್ಲ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದ್ರೆ ಕೇಸು, ಮೊದಲ ಸಲಕ್ಕೆ 10,000 ರೂಪಾಯಿ ದಂಡ ಇಲ್ಲ ಆರು ತಿಂಗಳವರೆಗೆ ಜೈಲು, ಇಲ್ಲ ಎರಡೂ. ಪೊಲೀಸ್ರು ಊದ್ಸೋದು ಇರ್ಲಿ, ರಸ್ತೇಲಿ ನಡ್ಕೊಂಡು ಹೋಗೋರಿಗೆ ನಾವು ಏನು ಜವಾಬು ಕೊಡ್ತೀವಿ? ಹೋಗುವಾಗ ಮೆಟ್ರೋ, ಬರುವಾಗ ಹನ್ನೊಂದರೊಳಗೆ ಮುಗಿಸಿದ್ರೆ ಮೆಟ್ರೋನೇ, ಇಲ್ದಿದ್ರೆ ನಮ್ಮ ಯಾತ್ರಿ ಆ್ಯಪಲ್ಲಿ ಆಟೋ ಇಲ್ಲ ಕ್ಯಾಬು. ಬಾರ್‌ಗಳು ರಾತ್ರಿ ಒಂದರವರೆಗೆ ಇರತ್ತೆ, ಆದ್ರೆ ಹನ್ನೆರಡೂಮುಕ್ಕಾಲಿಗೆ ಎಲ್ಲರೂ ಒಟ್ಟಿಗೆ ರಸ್ತೆಗೆ ಬಿದ್ರೆ ಕ್ಯಾಬ್ ರೇಟು ಎರಡರಷ್ಟು ಆಗಿ, ಅದೂ ಸಿಗಲ್ಲ. ಹನ್ನೊಂದೂವರೆಗೆ ಎದ್ದುಬಿಡಿ. ಬೆಳಿಗ್ಗೆ ಆರಕ್ಕೆ ಡ್ರೈವ್ ಮಾಡೋದಿದ್ರೆ ಮೇಲಿನ ಎರಡು ಗಂಟೆ ಲೆಕ್ಕ ಇನ್ನೊಂದ್ಸಲ ಹಾಕಿ ನೋಡಿ.

ಮನೆಗೆ ಹೋಗ್ತಾ ಕ್ಯಾಬಲ್ಲಿ ಕೂತೇ ಫೋನಲ್ಲಿ ಎರಡು ಸಾಲು ಬರ್ಕೊಳ್ಳಿ: ಯಾವ ಜಾಗ, ಏನು ಕುಡಿದ್ರಿ, ಏನೇನ್ ಹಾಕಿದ್ರು, ಮಾಡಿದ್ದು ಯಾರು. ಬೆಳಿಗ್ಗೆಗೆ ಮರ್ತು ಹೋಗತ್ತೆ. ಮುಂದಿನ ಸಲ ಹೆಸರು ಹಿಡ್ದು ಕೇಳಿದ್ರೆ ಆ ಬಾರ್‌ಟೆಂಡರ್‌ಗೆ ಎಷ್ಟು ಖುಷಿ ಆಗತ್ತೆ ನೋಡಿ. ಭಾವನ ಜೊತೆ ಹೋದ ಆ ಬುಧವಾರದ ಸಾಲು ನನ್ನ ಫೋನಲ್ಲಿ ಇನ್ನೂ ಇದೆ, "ರಮ್ 60, ನಿಂಬೆ 20, ಬೆಲ್ಲದ ಪಾಕ 15, ಐಸ್ ತುಂಬ, ಹದಿನೈದು ಎಣಿಸೋವರೆಗೆ ಕುಲುಕು." ಭಾವ ಅದನ್ನ ವಾಟ್ಸಾಪಲ್ಲಿ ತರಿಸ್ಕೊಂಡು, ಅರಸೀಕೆರೆಲಿ ಮುಚ್ಚಳ ಬಿಗಿಯಾಗಿ ಕೂರೋ ಒಂದು ಸ್ಟೀಲ್ ಡಬ್ಬಿ ಹುಡುಕಿ ಇಟ್ಕೊಂಡಿದ್ದಾರೆ, ಶೇಕರ್‌ಗೆ ಅಂತ.